ಲಂಡನ್ನಿನಲ್ಲಿ ತಡೆದಿಟ್ಟ ಗವರ್ನರು

ಲಂಡನ್ನಿನಲ್ಲಿ ವಿಮಾನ ಇಳಿದಾಗ ಸರ್ ಆಂಬ್ರೋಸ್ ಗಾರ್ತನನ್ನು ಎದುರುಗೊಳ್ಳಲು ವಸಾಹತು ಇಲಾಖೆಯಿಂದ ಯಾರೂ ಬಂದಿರಲಿಲ್ಲ. ಹಿಂದೆಲ್ಲ ಅವನು ಬರೀ ರಜೆಗೆಂದು ಬಂದಾಗಲೂ ಒಂದು ಕಾರು ಕಾದಿರುತ್ತಿತ್ತು, ಅದರ ಪಕ್ಕ ಟೋಪಿ ಕೈಯಲ್ಲಿ ಹಿಡಿದುಕೊಂಡು ಯಾರಾದರೊಬ್ಬ ಕಿರಿಯ ಅಧಿಕಾರಿ ನಿಂತಿರುತ್ತಿದ್ದ. ಈ ಸಲವಂತೂ ಇಲಾಖೆಯೇ ತುರ್ತು ಸಮಾಲೋಚನೆ ಎಂದು ತಂತಿ ಕೊಟ್ಟು ಕರೆಸಿಕೊಂಡಿತ್ತು. ಆದರೂ ಅವನೂ ಅವನ ಹೆಂಡತಿ ವಿನ್ನಿಯೂ ಫೆಬ್ರವರಿಯ ಮಂಜಿನಲ್ಲಿ ತಮ್ಮ ಪೆಟ್ಟಿಗೆಗಳನ್ನು ತಾವೇ ಕಾಯುತ್ತ ಟ್ಯಾಕ್ಸಿಗೆ ಸಾಲು ನಿಂತರು.

"ಮರೆತಿರಬೇಕು" ಎಂದ ಗಾರ್ತ್.

"ಮರೆತಿಲ್ಲ, ಆಂಬ್ರೋಸ್. ನಿನ್ನ ಜಾಗ ಯಾವುದು ಅಂತ ತೋರಿಸ್ತಿದಾರೆ" ಎಂದಳು ವಿನ್ನಿ. ಅವಳ ಮೂಗು ಚಳಿಗೆ ಕೆಂಪಾಗಿತ್ತು, ಸಿಟ್ಟೂ ಬಂದಿತ್ತು.

ಗಾರ್ತ್ ಪೂರ್ವ ಆಫ್ರಿಕದ ಲುಸೋಂಗಾ ಸೀಮೆಯ ಗವರ್ನರು. ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಖಂಡಕ್ಕೆ ಹೋದವನು, ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಒರಟ, ಮುಂಗೋಪಿ, ಊಟದ ಮೇಜಿನಲ್ಲಿ ಯಾರನ್ನು ಬೇಕಾದರೂ ಗೇಲಿ ಮಾಡುವವನು ಎಂಬ ಹೆಸರು ಅವನಿಗಿತ್ತು. ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬ ಹೆಸರೂ ಇತ್ತು, ಅಲ್ಲಿನ ಕಪ್ಪು ಜನರ ನಡುವೆ ಕೂಡ. ಈ ಎರಡನೆಯ ಹೆಸರೇ ಈಗ ಅವನ ಕುತ್ತಿಗೆಗೆ ಬಂದಿತ್ತು.

ಲುಸೋಂಗಾದಲ್ಲಿ ಹತ್ತಿ ಬೆಳೆಯುವವರೆಲ್ಲ ಒಂದೇ ಕಂಪನಿಗೆ, ಆ ಕಂಪನಿ ಹೇಳಿದ ಬೆಲೆಗೆ ಮಾರಬೇಕೆಂಬ ಕಾನೂನಿತ್ತು. ಹಿಂದಿನ ವರ್ಷ ಬೆಳೆಗಾರರು ಮಾರುವುದಿಲ್ಲವೆಂದು ಕೂತರು. ಕೊನೆಗೆ ತಾವೇ ಬೆಳೆದ ಹತ್ತಿಗೆ ತಾವೇ ಬೆಂಕಿಯಿಟ್ಟರು. ಪೊಲೀಸರು ಅವರ ಮನೆಗಳಿಗೆ ಬೆಂಕಿಯಿಟ್ಟರು. ಆಗ ಎರಾಸ್ತೊ ಮ್ವಾಂಬಾ ಎಂಬ ಮಿಷನ್ ಶಾಲೆಯ ಮೇಷ್ಟ್ರು ಮನೆ ಕಳೆದುಕೊಂಡ ಗಂಡಸರನ್ನೆಲ್ಲ ಕಟ್ಟಿಕೊಂಡು ಬೆಟ್ಟ ಸೇರಿದ. ಮಳೆಗಾಲವಿಡೀ ರಸ್ತೆಯಲ್ಲಿ ಕಂಪನಿಯ ಲಾರಿ ಓಡಾಡಲಾಗಲಿಲ್ಲ. ಗಾರ್ತ್ ಕೊನೆಗೆ ಪೊಲೀಸರನ್ನೆಲ್ಲ ಹಿಂದೆ ಬಿಟ್ಟು, ಊರುಗೋಲು ಹಿಡಿದು ಒಬ್ಬನೇ ಬೆಟ್ಟದ ಬುಡದ ಆ ಶಾಲೆಗೆ ಹೋದ. ಅಲ್ಲಿನ ಜಗಲಿಯ ಮೇಲೆ ಮ್ವಾಂಬಾ ಎದುರು ಕೂತು, ಮಾತುಕತೆ ಮುಗಿಯುವ ತನಕ ನಿನ್ನ ಮೈಮೇಲೆ ಯಾರೂ ಕೈಹಾಕುವುದಿಲ್ಲ, ಇದು ನನ್ನ ಮಾತು ಎಂದ. ಮ್ವಾಂಬಾ ಮರುದಿನ ಬೆಟ್ಟ ಇಳಿದು ಬಂದು ರಾಜಧಾನಿಯಲ್ಲಿದ್ದ ತಮ್ಮನ ಮನೆಯಲ್ಲಿ ಉಳಿದ. ಮಾತುಕತೆ ಶುರುವಾಗಿ ಇನ್ನೂ ಬಿಸಿ ಇರುವಾಗಲೇ ಲಂಡನ್ನಿನ ತಂತಿ ಬಂತು. ಗಾರ್ತ್ ಆಡಳಿತವನ್ನು ಮುಖ್ಯ ಕಾರ್ಯದರ್ಶಿ ನಾರ್ಮನ್ ಕೋಟ್ಸನ ಕೈಗೆ ಕೊಟ್ಟು, ಆದಷ್ಟು ಬೇಗ ವಾಪಸು ಬರುತ್ತೇನೆಂದು ಮ್ವಾಂಬಾನಿಗೆ ಹೇಳಿ ವಿಮಾನ ಹತ್ತಿದ್ದ.

ಮೊದಲ ದಿನದ ಸಭೆ ಕಲ್ಲಿದ್ದಲಿನ ಒಲೆ ಸರಿಯಾಗಿ ಉರಿಯದ ಒಂದು ಉದ್ದ ಕೋಣೆಯಲ್ಲಿ ನಡೆಯಿತು. ಮೇಜಿನ ಆಚೆ ಬದಿಗೆ ಅಧಿಕಾರಿಗಳೆಲ್ಲ ಒತ್ತಾಗಿ ಕೂತಿದ್ದರು, ಈಚೆ ಬದಿಗೆ ಗಾರ್ತನದೊಂದೇ ಕುರ್ಚಿ. ನಡುವೆ ಕೂತಿದ್ದವನು ಇಲಾಖೆಯ ಮುಖ್ಯಸ್ಥ, ಸರ್ ಡೆಸ್ಮಂಡ್ ಪೈಕ್. ತೆಳ್ಳಗೆ, ಬೆಳ್ಳಗೆ, ಮಾತಾಡುವಾಗ ತುಟಿ ಬಿಟ್ಟರೆ ಮುಖದ ಬೇರೆ ಯಾವ ಭಾಗವೂ ಅಲುಗದ ಮನುಷ್ಯ. ಹರೆಯದಲ್ಲಿ ಅವನು ಆಫ್ರಿಕದಲ್ಲಿ ಗಾರ್ತನ ಕೈಕೆಳಗೆ ಕೆಲವು ಕಾಲ ಕೆಲಸ ಮಾಡಿದ್ದ. ಬಿಸಿಲು ತಾಳದೆ, ಹೊಟ್ಟೆ ಕೆಟ್ಟು, ಬೇಗನೆ ಊರಿಗೆ ಮರಳಿದ್ದ.

"ಪುಂಡನ ಜೊತೆ ಕೂತು ಚಹಾ ಕುಡಿದ್ರಂತೆ, ಸರ್ ಆಂಬ್ರೋಸ್" ಎಂದು ಪೈಕ್ ಶುರುಮಾಡಿದ.

"ಕಾಫಿ. ಅವನೇ ಮಾಡಿಕೊಟ್ಟ. ನಿಮ್ಮ ಇಲಾಖೆಯ ಕಾಫಿಗಿಂತ ಚೆನ್ನಾಗಿತ್ತು."

ಮೇಜಿನ ಆ ಕೊನೆಯಲ್ಲಿ ಯಾರೋ ನಗುವುದಕ್ಕೆ ಹೋಗಿ ಕೆಮ್ಮಿದರು. ಪೈಕ್ ನಗಲಿಲ್ಲ. "ಮಾತು ಕೊಡೋ ಮುಂಚೆ ನಮ್ಮನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಜಗಲಿ ಮೇಲೆ ಟೆಲಿಫೋನ್ ಇರಲಿಲ್ಲ."

"ಬೆಟ್ಟಕ್ಕೆ ಹೋಗೋ ಮುಂಚೆ ನಿಮ್ಮ ಬಂಗಲೆಯಲ್ಲಿ ಇತ್ತಲ್ಲ."

"ಇತ್ತು. ಕೇಳಿದ್ದಿದ್ರೆ ನೀವು ಬೇಡ ಅಂತಿದ್ರಿ" ಎಂದ ಗಾರ್ತ್. "ಪೈಕ್, ಅವನು ಕೆಳಗಿಳಿದು ಬಂದಿದಾನೆ. ಲಾರಿಗಳು ಓಡ್ತಿವೆ. ಗುಂಡು ಹಾರ್ತಿಲ್ಲ. ನಿಮಗೆ ಇನ್ನೇನು ಬೇಕು?"

ಅದಕ್ಕೆ ಒಬ್ಬ ಅಧಿಕಾರಿ ಲುಸೋಂಗಾದಲ್ಲಿ ಎಷ್ಟು ಮಳೆಯಾಗುತ್ತದೆ ಎಂದು ಕೇಳಿದ. ಇನ್ನೊಬ್ಬ ಬೆಟ್ಟದ ಜನ ಯಾವ ಬುಡಕಟ್ಟಿನವರೆಂದು ಕೇಳಿದ. ಗಾರ್ತ್ ಎಲ್ಲಕ್ಕೂ ಉತ್ತರ ಕೊಟ್ಟ. ಮರುದಿನ ಬೇರೊಂದು ಕೋಣೆಯಲ್ಲಿ ಬೇರೆ ಅಧಿಕಾರಿಗಳು ಅದೇ ಪ್ರಶ್ನೆಗಳನ್ನು ಕೇಳಿದರು. ಅದರ ಮರುದಿನ ಸಭೆಯೇ ಇರಲಿಲ್ಲ. ಮಂತ್ರಿಗಳು ಹಳ್ಳಿಗೆ ಹೋಗಿದ್ದಾರೆ, ಸೋಮವಾರ ಸಿಗುತ್ತಾರೆ ಎಂದರು. ಸೋಮವಾರ ಹೋದರೆ ಗುರುವಾರ ಎಂದರು. ಗಾರ್ತ್ ಗಂಟೆಗಟ್ಟಲೆ ಕಾಯುವ ಕೋಣೆಯಲ್ಲಿ ಕೂತು, ಗೋಡೆಗೆ ತೂಗುಹಾಕಿದ್ದ ಹಳೆಯ ಗವರ್ನರುಗಳ ಚಿತ್ರ ನೋಡಿಕೊಂಡು, ಪೈಪು ತುಂಬಿ, ಸೇದದೆ ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಜಿಲ್ಲಾಧಿಕಾರಿಯಾಗಿದ್ದಾಗ ತನ್ನ ಕಚೇರಿಯ ಮುಂದಿನ ಮರದ ನೆರಳಲ್ಲಿ ಅಹವಾಲು ಹಿಡಿದು ಬಂದ ಮುದುಕರು ಹೀಗೇ ಕೂತಿರುತ್ತಿದ್ದರಲ್ಲ ಎಂದು ಒಮ್ಮೆ ಅನ್ನಿಸಿ, ಆ ಯೋಚನೆ ಅವನಿಗೆ ಹಿಡಿಸಲಿಲ್ಲ.

ಕೊನೆಗೂ ಮಂತ್ರಿ ಹೆಸ್ಕೆತ್ ಸಿಕ್ಕಿದ. ದಪ್ಪ ಮೈಯ, ಕೆಂಪು ಕೆನ್ನೆಯ, ಯಾರ ಮೇಲೂ ದನಿಯೇರಿಸದ ಮನುಷ್ಯ. ಅವನ ಕಾಲ ಬಳಿ ಒಂದು ಮುದಿ ನಾಯಿ ಮಲಗಿತ್ತು. ಗಾರ್ತನ ಕೈಗೆ ತಾನೇ ಶೆರ್ರಿ ವೈನಿನ ಲೋಟ ಕೊಟ್ಟ. ಹತ್ತಿಯ ಬಗ್ಗೆಯಾಗಲಿ ಮ್ವಾಂಬಾನ ಬಗ್ಗೆಯಾಗಲಿ ಒಂದು ಮಾತನ್ನೂ ಎತ್ತದೆ ಆಫ್ರಿಕದಲ್ಲಿ ಈಗಲೂ ಸಿಂಹ ಸಿಗುತ್ತವೆಯೇ ಎಂದು ವಿಚಾರಿಸಿದ. ಆಮೇಲೆ ಗಾರ್ತನ ಕೈಯನ್ನೇ ನೋಡುತ್ತ, "ಲೋಟ ಅಲುಗ್ತಿದೆಯಲ್ಲ, ಸರ್ ಆಂಬ್ರೋಸ್" ಎಂದ.

"ಹಳೇ ಮಲೇರಿಯ. ಇಲ್ಲಿನ ಚಳಿಗೆ ಎದ್ದಿದೆ. ಅಲ್ಲಿಗೆ ಹೋದ್ರೆ ಹೋಗುತ್ತೆ."

"ಅಲ್ಲಿಗೆ ಹೋಗೋ ಅವಸರ ಏನೀಗ? ತುಂಬಾ ವರ್ಷ ದುಡಿದಿದೀರಿ. ನಮ್ಮ ಕಡೆ ಒಬ್ಬ ಒಳ್ಳೇ ಡಾಕ್ಟರ್ ಇದಾರೆ, ಒಂದ್ಸಲ ತೋರಿಸ್ಕೊಂಡುಬಿಡಿ. ಎದೆ, ರಕ್ತ, ಎಲ್ಲ ನೋಡ್ತಾರೆ. ಅವರು ಹೂಂ ಅಂದ ಮೇಲೆ ಧಾರಾಳವಾಗಿ ಹೊರಡಿ."

"ಅವರು ಉಹೂಂ ಅಂದ್ರೆ?"

"ಅಂದ್ರೆ ಗುಲಾಬಿ ಬೆಳೆಸಿ" ಎಂದು ಮಂತ್ರಿ ಅಕ್ಕರೆಯಿಂದಲೇ ಹೇಳಿದ. "ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ."

ಗಾರ್ತ್ ಹೋಟೆಲಿಗೆ ನಡೆದುಕೊಂಡೇ ಬಂದ. ಮಂತ್ರಿ ಬೈದಿದ್ದರೆ ವಾಸಿಯಾಗಿತ್ತು ಅನ್ನಿಸುತ್ತಿತ್ತು. ಬೈದವನಿಗೆ ತಿರುಗಿ ಬೈಯಬಹುದು; ಮೈ ಹೇಗಿದೆ ಎಂದು ಕೇಳಿದವನಿಗೆ ಏನು ಹೇಳುವುದು? ದಾರಿಯುದ್ದಕ್ಕೂ ಅವನಿಗೆ ಎದೆಯಲ್ಲಿ ನಿಜಕ್ಕೂ ಏನೋ ಹಿಡಿದಂತಾಗುತ್ತಿತ್ತು. ಹಾಗಾಗುತ್ತಿದೆಯಲ್ಲ ಎಂಬ ಸಿಟ್ಟಿಗೆ ಇನ್ನಷ್ಟು ಬೇಗ ಬೇಗ ಹೆಜ್ಜೆ ಹಾಕಿದ.

ಅದೇ ದಿನ ವಿನ್ನಿಯನ್ನು ಪೈಕನ ಹೆಂಡತಿ ಚಹಾಕ್ಕೆ ಕರೆದಿದ್ದಳು. ಹೋಗಲು ಮನಸ್ಸಿರಲಿಲ್ಲ, ಹೋಗದಿದ್ದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆಂದು ಹೋದಳು. ವಾಪಸು ಬಂದಾಗ ಅವಳ ಮುಖ ನೋಡಿ ಗಾರ್ತ್ ಪೇಪರು ಕೆಳಗಿಟ್ಟ.

"ಕೋಟ್ಸನ ಹೆಂಡತಿ ನನ್ನ ಪರದೆಗಳನ್ನ ಕಿತ್ತು ಹಾಕಿಸಿದಾಳೆ" ಎಂದಳು ವಿನ್ನಿ, ಕೈಗವಸು ಕಳಚುತ್ತ. "ನಮ್ಮ ಬಂಗಲೆಯ ದೊಡ್ಡ ಹಾಲಿನ ಪರದೆ. ಹಳದಿ ಬಟ್ಟೆ ಬೇಕಂತೆ, ಲಂಡನ್ನಲ್ಲಿ ಯಾವ ಅಂಗಡಿಲಿ ಸಿಗುತ್ತೆ ಅಂತ ಈ ಪೈಕಮ್ಮನ ಕೇಳಿ ತರಿಸ್ಕೊಳ್ತಿದಾಳೆ."

"ಹೋಗ್ಲಿ ಬಿಡು, ಪರದೆ ತಾನೇ."

"ಪರದೆ ತಾನೇ ಅಂತ ನಾನೂ ಅಂದ್ಕೊಂಡೆ. ಆಮೇಲೆ ಅವಳು ನನಗೆ, ಈಸ್ಟರಿಗೆ ನಮ್ಮ ಹಳ್ಳಿ ಮನೆಗೆ ಬನ್ನಿ, ಅಷ್ಟರಲ್ಲಿ ನಿಮಗೊಂದು ಸ್ವಂತ ಮನೆ ಆಗಿರುತ್ತೆ, ಹೋಟೆಲಲ್ಲಿ ಎಷ್ಟು ದಿನ ಅಂತ ಇರ್ತೀರಿ ಅಂದ್ಳು. ಕನಿಕರದಿಂದ ಅಂದ್ಳು, ಆಂಬ್ರೋಸ್. ಗಂಡ ಮನೇಲಿ ಆಡಿದ್ದನ್ನ ಈ ಹೆಂಗಸು ಬಾಯಲ್ಲಿ ಇಟ್ಕೊಳ್ಳೋಳಲ್ಲ." ಅವಳು ಅವನೆದುರು ಮಂಚದ ಅಂಚಿಗೆ ಕೂತಳು. "ಈ ಸಭೆಗಳಲ್ಲಿ ನಿನ್ನ ಏನಾದ್ರೂ ಉಪಯೋಗದ ಪ್ರಶ್ನೆ ಕೇಳಿದಾರಾ? ಒಂದಾದ್ರೂ?"

ಗಾರ್ತ್ ಯೋಚಿಸಿದ. ಮಳೆ, ಬುಡಕಟ್ಟು, ಸಿಂಹ.

"ಅವರಿಗೆ ನಿನ್ನಿಂದ ಏನೂ ತಿಳ್ಕೊಳ್ಳೋದು ಬೇಕಿಲ್ಲ" ಎಂದಳು ವಿನ್ನಿ. "ನೀನು ಅಲ್ಲಿ ಇರಬಾರದು, ಅಷ್ಟೇ. ನೀನು ಇಲ್ಲಿ ಇರೋತನಕ ಅಲ್ಲಿ ಗವರ್ನರ್ ಯಾರು?"

ಗವರ್ನರು ಸೀಮೆಯ ಗಡಿಯೊಳಗೆ ಇಲ್ಲದಿದ್ದಾಗ ಅವನ ಅಧಿಕಾರವೆಲ್ಲ ಮುಖ್ಯ ಕಾರ್ಯದರ್ಶಿಗೆ ಸೇರುತ್ತದೆ. ಮತ್ತೆ ಗಡಿಯೊಳಗೆ ಕಾಲಿಟ್ಟ ಗಳಿಗೆ ಅವನಿಗೇ ಮರಳುತ್ತದೆ. ಇಷ್ಟು ವರ್ಷ ಗಾರ್ತ್ ಇದನ್ನು ಬರೀ ರಜೆಯ ನಿಯಮವೆಂದುಕೊಂಡಿದ್ದ. ಮ್ವಾಂಬಾನನ್ನು ಹಿಡಿದು ಗಡೀಪಾರು ಮಾಡುವ ಹುಕುಮಿಗೆ ಗವರ್ನರನ ರುಜು ಬೇಕು. ಗಾರ್ತ್ ರುಜು ಹಾಕುವುದಿಲ್ಲ, ಕೋಟ್ಸ್ ಹಾಕುತ್ತಾನೆ. ಇಡೀ ಸಂಗತಿ ಅಷ್ಟು ಸರಳವಾಗಿತ್ತು. ಇಷ್ಟು ದಿನ ತನಗೆ ಹೊಳೆಯದೆ ಹೋಯಿತಲ್ಲ ಎಂದು ಅವನಿಗೆ ಮೈಯೆಲ್ಲ ಬಿಸಿಯಾಯಿತು.

ಮರುದಿನ ಮಧ್ಯಾಹ್ನ ಅವನು ಯಾರಿಗೂ ಹೇಳಿಕಳಿಸದೆ ನೇರ ಪೈಕನ ಕೋಣೆಗೆ ನುಗ್ಗಿದ. ಪೈಕ್ ಕಿಟಕಿಯ ಬಳಿ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಬಾಯಲ್ಲಿದ್ದುದನ್ನು ನುಂಗಿ, ಕರವಸ್ತ್ರದಿಂದ ಬೆರಳು ಒರೆಸಿಕೊಂಡು, ಕೂರಿ ಎಂದ. ಗಾರ್ತ್ ಕೂರಲಿಲ್ಲ.

"ಕೋಟ್ಸ್ ಯಾವತ್ತು ರುಜು ಹಾಕ್ತಾನೆ?"

ಪೈಕ್ ಸುಳ್ಳು ಹೇಳಬಹುದೆಂದು ಗಾರ್ತ್ ಎಣಿಸಿದ್ದ. ಪೈಕ್ ಹೇಳಲಿಲ್ಲ. ಮೇಜಿನ ಹಿಂದೆ ಹೋಗಿ ಕೂತು, "ಸೈನ್ಯದ ಹಡಗು ಮೊಂಬಾಸಾ ಬಂದರು ಮುಟ್ಟಿದ ಮೇಲೆ" ಎಂದ. "ಬೆಟ್ಟದ ಜನ ಎದ್ದರೆ ತಡೆಯೋಕೆ ನಿಮ್ಮ ಪೊಲೀಸರು ಸಾಲಲ್ಲ. ಮುಂದಿನ ವಾರ ಮುಟ್ಟುತ್ತೆ."

"ನಾನು ಅವನಿಗೆ ಮಾತು ಕೊಟ್ಟಿದೀನಿ."

"ನೀವು ಕೊಟ್ಟಿದೀರಿ. ನಾವು ಕೊಟ್ಟಿಲ್ಲ. ಕೋಟ್ಸೂ ಕೊಟ್ಟಿಲ್ಲ. ಹಾಗೆ ನೋಡಿದ್ರೆ ನಿಮ್ಮ ಮಾತು ಮುರಿಯದ ಹಾಗೆ ಏರ್ಪಾಡು ಮಾಡಿದೀವಿ. ನೀವು ಊರಲ್ಲೇ ಇರಲಿಲ್ಲ. ನಿಮಗೆ ಏನೂ ಗೊತ್ತಿರಲಿಲ್ಲ. ನಾನು ನಿಮ್ಮ ಜಾಗದಲ್ಲಿದ್ದಿದ್ರೆ ಉಪಕಾರ ಅಂದ್ಕೊಳ್ತಿದ್ದೆ."

"ನಾನು ನಾಳೆ ಹೊರಡ್ತೀನಿ."

"ಡಾಕ್ಟರ್ ನೋಡೋ ಮುಂಚೆಯಾ?"

"ನಿಮ್ಮ ಡಾಕ್ಟರು ನಾನು ಸತ್ತಿದೀನಿ ಅಂತ ಬೇಕಾದ್ರೂ ಬರ್ಕೊಡ್ತಾನೆ. ಹೊರಡ್ತೀನಿ. ತಡೀಬೇಕು ಅಂದ್ರೆ ನನ್ನ ಕೆಲಸದಿಂದ ತೆಗೀರಿ. ತೆಗೀರಿ ಪೈಕ್, ಇವತ್ತೇ. ಪಾರ್ಲಿಮೆಂಟಲ್ಲಿ ಯಾಕೆ ತೆಗೆದ್ರಿ ಅಂತ ಯಾರಾದ್ರೂ ಎದ್ದು ನಿಂತು ಕೇಳಿದಾಗ ನಿಮ್ಮ ಮಂತ್ರಿ ನಾಯಿ ತಲೆ ಸವರ್ಕೊಂಡು ಏನು ಹೇಳ್ತಾನೋ ನಾನೂ ಗ್ಯಾಲರಿಲಿ ಕೂತು ಕೇಳ್ತೀನಿ."

ಪೈಕನ ಮುಖದಲ್ಲಿ ಮೊದಲ ಸಲ ಬಣ್ಣ ಏರಿತು. ಅವನು ಎದ್ದು ನಿಂತ. "ನೀವು ಬದಲಾಗಿಲ್ಲ" ಎಂದ. "ಅವತ್ತು ಊಟದ ಮೇಜಿನಲ್ಲಿ ನನಗೆ ಜ್ವರ. ಕೂರೋಕೂ ಆಗ್ತಿರಲಿಲ್ಲ. ನೀವು ಎಲ್ಲರ ಮುಂದೆ, ಹೆಂಗಸರ ಮುಂದೆ, ಈ ಗಿಡ ಲಂಡನ್ ಮಂಜಲ್ಲಿ ಮಾತ್ರ ಬದುಕೋದು, ಮೂಟೆ ಕಟ್ಟಿ ವಾಪಸು ಕಳಿಸಿ ಅಂದ್ರಿ. ಎಲ್ಲರೂ ನಕ್ರು. ನಾನು ಆ ಮನುಷ್ಯನ ಕೈಕೆಳಗೆ ಇನ್ನೊಂದು ದಿನ ಇರಬಾರದು ಅಂತ ಹೊರಟುಬಂದೆ. ಬಿಸಿಲಿಗಲ್ಲ."

ಗಾರ್ತ್ ನೆನಪಿಸಿಕೊಳ್ಳಲು ನೋಡಿದ. ಅಂಥ ಎಷ್ಟೋ ಊಟ, ಎಷ್ಟೋ ನಗು. ಈ ಒಂದು ಅವನಿಗೆ ಸಿಗಲಿಲ್ಲ. "ಹಾಗಂದಿದ್ನಾ?" ಎಂದ.

ಅವನು ಬೈದಿದ್ದರೂ ಪೈಕನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಪೈಕ್ ಬಾಗಿಲ ಕಡೆ ಕೈ ತೋರಿಸಿದ. "ಹೊರಡಿ. ನೀವು ತಲುಪೋ ಹೊತ್ತಿಗೆ ಅಲ್ಲಿ ನಿಮಗೆ ಕುರ್ಚಿ ಇರಲ್ಲ."

ಸಂಜೆಯೊಳಗೆ ವಿನ್ನಿ ಪೆಟ್ಟಿಗೆ ಕಟ್ಟಿಯಾಗಿತ್ತು. ಅವಳನ್ನು ಲಂಡನ್ನಿನಲ್ಲೇ ಬಿಟ್ಟು ಹೋಗುವ ಮಾತನ್ನು ಗಾರ್ತ್ ಎತ್ತಿದಾಗ, ನಿನ್ನ ಎದೆ ಹಿಡ್ಕೊಂಡ್ರೆ ಮಾತ್ರೆ ಕೊಡೋರು ಯಾರು ಎಂದಳು. ಅವನು ಹೇಳಿರದಿದ್ದರೂ ಅವಳಿಗೆ ಅದು ಗೊತ್ತಿತ್ತು.

ರೋಮ್, ಖಾರ್ಟೂಮ್ ದಾಟಿ ನೈರೋಬಿಯಲ್ಲಿ ಇಳಿದರು. ಗವರ್ನರನಿಗೆಂದು ಲುಸೋಂಗಾದಿಂದ ಬರುತ್ತಿದ್ದ ಸಣ್ಣ ವಿಮಾನ ಬಂದಿರಲಿಲ್ಲ. ಕೇಳಿದ್ದಕ್ಕೆ, ಎಂಜಿನ್ ಬಿಚ್ಚಿ ಹಾಕಿದ್ದಾರೆ, ಯಾವಾಗ ಸರಿಹೋಗುತ್ತದೋ ಗೊತ್ತಿಲ್ಲ ಎಂಬ ಉತ್ತರ ಬಂತು. ಕೋಟ್ಸನಿಗೆ ಲಂಡನ್ನಿನಿಂದ ಸುದ್ದಿ ಮುಟ್ಟಿದೆಯೆಂದು ಗಾರ್ತನಿಗೆ ಖಚಿತವಾಯಿತು. ಅವನು ಸ್ಟೇಷನ್ನಿಗೆ ಹೋಗಿ ರೈಲಿಗೆ ಟಿಕೆಟ್ಟು ತೆಗೆದ. ರೈಲು ಮುಗಿದಲ್ಲಿ ಒಬ್ಬ ಗುಜರಾತಿ ಹತ್ತಿ ವ್ಯಾಪಾರಿಯ ಲಾರಿ ಸಿಕ್ಕಿತು. ಕಂಪನಿಯ ಕಾಟಕ್ಕೆ ಲುಸೋಂಗಾ ಬಿಟ್ಟು ಗಡಿಯಾಚೆ ಹೋಗಿ ಗಿರಣಿ ಹಾಕಿದ್ದ ಆ ಮನುಷ್ಯ, ಗವರ್ನರನೂ ಅವನ ಹೆಂಡತಿಯೂ ಡ್ರೈವರನ ಪಕ್ಕದಲ್ಲಿ ತನ್ನೊಡನೆ ಒತ್ತಿಕೊಂಡು ಕೂರುವುದನ್ನು ನಂಬಲಾಗದೆ ನೋಡಿದ. ದಾರಿಯಲ್ಲಿ ಗಾರ್ತ್ ಅವನನ್ನು ಹತ್ತಿಯ ಬೆಲೆಯ ಬಗ್ಗೆ ಕೇಳುತ್ತ ಹೋದ. ಗಡಿಯಾಚೆ ಕೊಡುವ ಬೆಲೆಯ ಅರ್ಧ ಕೂಡ ಲುಸೋಂಗಾದ ಬೆಳೆಗಾರನಿಗೆ ಸಿಗುತ್ತಿರಲಿಲ್ಲ. ಗಾರ್ತನಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಲಾರಿಯಲ್ಲಿ, ಮೊಣಕಾಲಿಗೆ ಗೇರು ಬಡಿಯುತ್ತಿರುವಾಗ ಕೇಳಿದ್ದಕ್ಕೆ ಬೇರೆಯೇ ತೂಕವಿತ್ತು.

ಗಡಿಯ ಹೊಳೆಯನ್ನು ದೋಣಿಯಲ್ಲಿ ದಾಟಿದರು. ಆಚೆ ದಡದ ಠಾಣೆಯ ಸಾರ್ಜೆಂಟನಿಗೆ ದೋಣಿಯಿಂದ ಇಳಿಯುತ್ತಿರುವವರು ಯಾರೆಂದು ತಿಳಿದಾಗ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದು ಸೆಲ್ಯೂಟು ಹೊಡೆದ. ಮ್ವಾಂಬಾನನ್ನು ಹಿಂದಿನ ದಿನವೇ ಹಿಡಿದರೆಂದು ಅವನಿಂದ ತಿಳಿಯಿತು. ಕೋಟ್ಸ್ ಹಡಗಿಗೆ ಕಾಯದೆ ರುಜು ಹಾಕಿಬಿಟ್ಟಿದ್ದ. ಗಾರ್ತ್ ಠಾಣೆಯ ಜೀಪು ತೆಗೆದುಕೊಂಡ.

ರಾಜಧಾನಿಯ ಪೊಲೀಸ್ ಲಾಕಪ್ಪಿನ ಅಂಗಳಕ್ಕೆ ಅವನು ಬಂದಾಗ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಮುಚ್ಚಿದ ಲಾರಿಯೊಂದು ಹೊರಡಲು ತಯಾರಾಗಿ ನಿಂತಿತ್ತು. ಪೊಲೀಸ್ ಕಮಿಷನರ್ ರೆನ್ವಿಕ್ ಪಕ್ಕದಲ್ಲಿದ್ದ. ಬೇಲಿಯಾಚೆ ಜನ ಸೇರಿದ್ದರು, ಯಾರೂ ಕೂಗುತ್ತಿರಲಿಲ್ಲ. ಗಾರ್ತ್ ಜೀಪಿನಿಂದ ಇಳಿದು, ಬೆನ್ನು ನೆಟ್ಟಗಾಗುವ ತನಕ ಒಂದು ಗಳಿಗೆ ನಿಂತು, ಲಾರಿಯ ಬಾಗಿಲು ತೆಗೆಯಲು ಹೇಳಿದ.

ಅಷ್ಟರಲ್ಲಿ ಕೋಟ್ಸನ ಕಾರು ಬಂತು. ಕೋಟ್ಸ್ ಅಚ್ಚುಕಟ್ಟಾದ ಮನುಷ್ಯ, ಟೈ ಬಿಗಿದುಕೊಂಡು ಬಂದಿದ್ದ. "ಬಾಗಿಲು ತೆಗೀಬೇಡಿ, ರೆನ್ವಿಕ್" ಎಂದ. ಆಮೇಲೆ ಗಾರ್ತನ ಕಡೆ ತಿರುಗಿ, "ಸರ್, ನೀವು ಕಾಯಿಲೆಯ ರಜೆ ಮೇಲೆ ಲಂಡನ್ನಲ್ಲಿದೀರಿ ಅಂತ ನನಗೆ ತಿಳಿಸಿದಾರೆ."

"ಈಗ ನೀನೇ ನೋಡ್ತಿದೀಯಲ್ಲ, ಎಲ್ಲಿದೀನಿ ಅಂತ."

"ನನ್ನ ಹತ್ರ ಲಂಡನ್ನಿನ ಆದೇಶ ಇದೆ."

"ನಿನ್ನ ಹೆಂಡತಿ ಹತ್ರ ಪರದೆ ಇದೆ. ನನ್ನ ತೆಗೆದುಹಾಕಿದ ಆದೇಶ ಇದೆಯಾ? ಅದೊಂದಿದ್ರೆ ತೋರಿಸು, ನಾನು ಈಗಲೇ ಹೋಗಿ ಜೀಪಲ್ಲಿ ಕೂರ್ತೀನಿ."

ಅಂಥ ಆದೇಶ ಕೋಟ್ಸನ ಬಳಿ ಇರಲಿಲ್ಲ. ಇಬ್ಬರೂ ರೆನ್ವಿಕ್ ಕಡೆ ನೋಡಿದರು. ರೆನ್ವಿಕ್‌ಗೆ ಇನ್ನು ಸ್ವಲ್ಪ ದಿನದಲ್ಲಿ ನಿವೃತ್ತಿ. ಈ ಇಬ್ಬರಲ್ಲಿ ಯಾರನ್ನೂ ಅವನು ಇಷ್ಟಪಡುತ್ತಿರಲಿಲ್ಲ. ಬೆವರು ಒರೆಸಿಕೊಂಡು, "ನನಗೆ ಕಾನೂನು ಜಾಸ್ತಿ ಬರಲ್ಲ, ಮಿಸ್ಟರ್ ಕೋಟ್ಸ್" ಎಂದ. "ಗವರ್ನರ್ ಈ ನೆಲದ ಮೇಲೆ ನಿಂತಿದ್ರೆ ಅವರೇ ಗವರ್ನರ್ ಅಂತ ನನಗೆ ಹೇಳ್ಕೊಟ್ಟಿದ್ದು." ತಾನೇ ಹೋಗಿ ಬಾಗಿಲಿನ ಚಿಲಕ ತೆಗೆದ.

ಮ್ವಾಂಬಾ ಇಳಿದ. ಕನ್ನಡಕದ ಒಂದು ಗಾಜು ಒಡೆದಿತ್ತು, ಕೈಗೆ ಬೇಡಿ ಹಾಕಿದ್ದರು. ರೆನ್ವಿಕ್ ಬೇಡಿ ಬಿಚ್ಚುವ ತನಕ ಅವನು ಗಾರ್ತನನ್ನು ನೋಡಲೇ ಇಲ್ಲ.

"ನಾನು ಇಲ್ಲದಾಗ ಇದು ನಡೀತು" ಎಂದ ಗಾರ್ತ್. "ನನಗೆ ತಿಳಿದ ತಕ್ಷಣ ಬಂದೆ. ನೀನು ಮನೆಗೆ ಹೋಗಬಹುದು. ಮಾತುಕತೆ ನಾಳೆಯಿಂದ ಮತ್ತೆ ಶುರು ಮಾಡೋಣ."

"ನೀವು ಹೋದ ಮೇಲೆ ಹಿಡಿದ್ರು. ನೀವು ಬಂದ ಮೇಲೆ ಬಿಟ್ರು" ಎಂದ ಮ್ವಾಂಬಾ, ತರಗತಿಯಲ್ಲಿ ಪಾಠ ಒಪ್ಪಿಸುವವರ ಮಾತನ್ನು ತಿದ್ದುವ ದನಿಯಲ್ಲಿ. "ನಾಳೆ ನೀವು ಮತ್ತೆ ಹೋಗ್ತೀರಿ, ಸರ್ ಆಂಬ್ರೋಸ್. ಇವರು ನಿಮ್ಮನ್ನ ಇಟ್ಕೊಳ್ಳಲ್ಲ. ಆಗ ನಾನು ಯಾರ ಜೊತೆ ಮಾತಾಡಿದ ಹಾಗಾಯ್ತು?"

"ನಾನು ಕೊಟ್ಟ ಮಾತು ಉಳಿಸ್ಕೊಂಡಿದೀನಿ."

"ಹೌದು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಮ್ಮ ಮಾತಿಗೆ ನಿಮ್ಮ ಸರ್ಕಾರದಲ್ಲಿ ಬೆಲೆ ಇಲ್ಲ ಅಂತ ನನ್ನ ಜನ ನನಗೆ ಮೊದಲೇ ಹೇಳಿದ್ರು. ನಾನು ನಂಬಲಿಲ್ಲ. ನನ್ನ ತಮ್ಮನ ಹಲ್ಲು ಮುರಿದಿದಾರೆ, ಅವನ ಹೆಂಡತಿ ಮಕ್ಕಳ ಮುಂದೆ." ಅವನು ಒಡೆದ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. "ಮುಂದಿನ ಗವರ್ನರ್ ಕೋಲು ಹಿಡ್ಕೊಂಡು ಒಬ್ಬನೇ ಬಂದ್ರೆ ನಾನು ಜಗಲಿ ಮೇಲೆ ಕೂರಿಸಲ್ಲ. ಅದನ್ನ ಅವರಿಗೆ ಹೇಳಿಬಿಡಿ."

ಗಾರ್ತ್ ಕೈ ಚಾಚಿದ. ಮ್ವಾಂಬಾ ಆ ಕೈಯನ್ನು ನೋಡಿ, ಮೆಲ್ಲಗೆ ತಲೆಬಾಗಿ, ಹಿಡಿಯದೆ, ಬೇಲಿಯ ಬಾಗಿಲು ದಾಟಿ ಹೊರಗೆ ಹೋದ. ಜನ ಅವನನ್ನು ನಡುವೆ ಹಾಕಿಕೊಂಡು ಕರೆದೊಯ್ದರು. ಆ ವಾರವೇ ಅವನು ಮತ್ತೆ ಬೆಟ್ಟ ಸೇರಿದ.

ಗಾರ್ತನಿಗೆ ಆ ದಿನ ನಿಜಕ್ಕೂ ಎದೆ ಹಿಡಿಯಿತು. ಬಂಗಲೆಯ ಪರದೆಯಿಲ್ಲದ ಹಾಲಿನಲ್ಲಿ, ಬಿಸಿಲು ನೇರ ಮುಖಕ್ಕೆ ಹೊಡೆಯುವ ಸೋಫಾದ ಮೇಲೆ ಮಲಗಿಸಿ ವಿನ್ನಿ ಮಾತ್ರೆ ಕೊಟ್ಟಳು. ಅವನು ಚಾವಣಿ ನೋಡುತ್ತ, ಮ್ವಾಂಬಾ ಹೇಳಿದ್ದರಲ್ಲಿ ಒಂದು ತಪ್ಪೂ ಸಿಗುತ್ತಿಲ್ಲ ಎಂದ.

"ಹಾಗಾದ್ರೆ ಅವರು ನಿನ್ನ ತೆಗೆಯೋತನಕ ಏನಾದ್ರೂ ಮಾಡು" ಎಂದಳು ವಿನ್ನಿ. "ಮಲಗಿದ್ರೆ ಆ ಮಂತ್ರಿ ಹೇಳಿದ್ದು ನಿಜ ಆಗುತ್ತೆ."

ಲಂಡನ್ನಿನಲ್ಲಿ ಇಲಾಖೆ ಹಿಂದೆ ಮುಂದೆ ನೋಡುತ್ತಿತ್ತು. ತೆಗೆಯಬೇಕು, ಸದ್ದಾಗಬಾರದು. ಈ ಗೊಂದಲದಲ್ಲಿ ಸಿಕ್ಕಿದ ಬಿಡುವಿನಲ್ಲಿ ಗಾರ್ತ್ ಸಲಹಾ ಮಂಡಳಿ ಕರೆದ. ಬೆಳೆಗಾರ ತನ್ನ ಹತ್ತಿಯನ್ನು ತನಗೆ ಬೇಕಾದವರಿಗೆ ಮಾರಬಹುದು ಎಂದು ಹುಕುಂ ಓದಿದ. ಕಂಪನಿಯ ಕಡೆಯ ಸದಸ್ಯ ಎದ್ದು, ಇದು ದೇಶದ್ರೋಹ ಎಂದ. ಕೋಟ್ಸನೂ ಹುಕುಮಿನ ವಿರುದ್ಧ ಕೈಯೆತ್ತಿದ. ಗಾರ್ತ್ ಇಬ್ಬರ ಆಕ್ಷೇಪಣೆಯನ್ನೂ ಬರೆದುಕೊಳ್ಳಲು ಹೇಳಿ ರುಜು ಹಾಕಿದ. ಇದನ್ನು ಆರು ವರ್ಷದ ಹಿಂದೆ, ಗವರ್ನರಾಗಿ ಬಂದ ಹೊಸದರಲ್ಲೇ ಮಾಡಬಹುದಿತ್ತಲ್ಲ ಎಂದು ಅವನಿಗೆ ಅನ್ನಿಸಿತು. ಆಗ ಲಂಡನ್ನಿನವರು ಏನೆನ್ನುತ್ತಾರೋ ಎಂದು ಅವನೇ ಮುಂದೂಡಿದ್ದ.

ಕೊನೆಗೆ ಸುದ್ದಿ ಬಂತು, ಅನಾರೋಗ್ಯದ ಕಾರಣ ಸರ್ ಆಂಬ್ರೋಸ್ ನಿವೃತ್ತರಾಗುತ್ತಿದ್ದಾರೆ ಎಂದು. ಅಷ್ಟರಲ್ಲಿ ಸೈನ್ಯವೂ ಬಂದಿತ್ತು, ಬೆಟ್ಟದಲ್ಲಿ ಮತ್ತೆ ಗುಂಡು ಹಾರತೊಡಗಿತ್ತು. ಅದು ಬಹಳ ಕಾಲ ನಡೆಯಿತು, ಎರಡೂ ಕಡೆ ಬಹಳ ಜನ ಸತ್ತರು. ಹತ್ತಿಯ ಹುಕುಮನ್ನು ಮಾತ್ರ ಲಂಡನ್ ಮುಟ್ಟಲಿಲ್ಲ. ರದ್ದು ಮಾಡಿದರೆ ಯಾಕೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು, ಅದು ಹೆಸ್ಕೆತ್‌ಗೆ ಬೇಕಿರಲಿಲ್ಲ.

ಗಾರ್ತ್ ದಂಪತಿಗಳು ಹೊರಟ ದಿನ ಗಡಿಗೆ ಹೋಗುವ ರಸ್ತೆಯ ತನಕ ಬಂದವನು ರೆನ್ವಿಕ್ ಒಬ್ಬನೇ. ಅವನು ಸೆಲ್ಯೂಟು ಹೊಡೆದು, ಬಿಸಿಲು ಜೋರಾಗುವ ಮುಂಚೆ ಹೊರಡಿ ಎಂದ. ಕಾರು ಬಯಲಿಗೆ ಇಳಿದಾಗ ಹತ್ತಿ ಬಿಡಿಸುವ ಕೆಲಸ ನಡೆದಿತ್ತು. ಹೆಂಗಸರು ಬಗ್ಗಿ ಬಿಡಿಸುತ್ತಿದ್ದರು, ಕಾರಿನ ಸದ್ದಿಗೆ ಯಾರೂ ತಲೆಯೆತ್ತಲಿಲ್ಲ. ಕಂಪನಿಯ ಗೋದಾಮಿನ ಮುಂದೆ ಯಾವ ಗಾಡಿಯೂ ಇರಲಿಲ್ಲ. ಅದನ್ನು ದಾಟಿ ಬಹಳ ದೂರ ಹೋದ ಮೇಲೆ, ಹೊಳೆಯ ದಾರಿಯಲ್ಲಿ, ಮೂಟೆ ಹೇರಿದ ಎತ್ತಿನ ಗಾಡಿಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಡ್ರೈವರು ಹಾರ್ನ್ ಒತ್ತಲು ಹೋದ. ಗಾರ್ತ್ ಬೇಡವೆಂದ. ಅವರು ಗಾಡಿಗಳ ಹಿಂದೆ, ಧೂಳಿನಲ್ಲಿ, ನಿಧಾನವಾಗಿ ಗಡಿಯ ತನಕ ಹೋದರು.